ರೂಢಿಯಾದ ಸದ್ದು: ದಾವಣಗೆರೆಯ ಒಂದು ಹಿಟ್ಟಿನ ಗಿರಣಿಯ ಪ್ರಕರಣ

ಈ ಪ್ರಕರಣದ ವ್ಯಕ್ತಿ ದಾವಣಗೆರೆಯ ನಿಟುವಳ್ಳಿ ಭಾಗದಲ್ಲಿ ಮೂರು ದಶಕಗಳಿಂದ ಹಿಟ್ಟಿನ ಗಿರಣಿ ನಡೆಸುತ್ತಿರುವವರು. ವಯಸ್ಸು ಐವತ್ತೈದರ ಆಸುಪಾಸು. ಕೆಳಗೆ ಗಿರಣಿ, ಮೇಲೆ ಮನೆ. ರಕ್ತದೊತ್ತಡಕ್ಕೆ ಎರಡು ಬಗೆಯ ಮಾತ್ರೆ ತೆಗೆದುಕೊಳ್ಳುತ್ತಿದ್ದರೂ ಅದು 150/96ರ ಆಚೀಚೆಯೇ ನಿಂತುಬಿಟ್ಟಿತ್ತು. ರಾತ್ರಿ ಎರಡು ಮೂರು ಸಲ ಎಚ್ಚರವಾಗುತ್ತಿತ್ತು, ಹಗಲಿನಲ್ಲಿ ಸಣ್ಣ ಮಾತಿಗೂ ಸಿಟ್ಟು ಬರುತ್ತಿತ್ತು. ಕಿವಿಯಲ್ಲಿ ಸದಾ ಗುಂಯ್ ಎನ್ನುತ್ತದೆ ಎಂದು ಅವರು ಒಮ್ಮೆ ಮಾತಿನ ನಡುವೆ ಹೇಳಿದ್ದನ್ನು ಅವರ ವೈದ್ಯರು ಗಮನಿಸಿ, ಶ್ರವಣ ಪರೀಕ್ಷೆಗೆಂದು ನನ್ನಲ್ಲಿಗೆ ಕಳಿಸಿದರು. ನಾನು ಈ ಊರಿನಲ್ಲಿ ಆಡಿಯಾಲಜಿಸ್ಟ್ (ಶ್ರವಣ ತಜ್ಞೆ) ಆಗಿ ಕೆಲಸ ಮಾಡುತ್ತೇನೆ. ಅವರ ಒಪ್ಪಿಗೆ ಪಡೆದು, ಗುರುತು ಸಿಗದ ಹಾಗೆ ಕೆಲವು ವಿವರಗಳನ್ನು ಬದಲಿಸಿ ಇದನ್ನು ಬರೆಯುತ್ತಿದ್ದೇನೆ.

ಮೊದಲ ಭೇಟಿಯಲ್ಲಿ ಗಿರಣಿಯ ಸದ್ದಿನ ಬಗ್ಗೆ ಕೇಳಿದಾಗ ಅವರು ಕೊಟ್ಟ ಉತ್ತರ ಇಡೀ ಪ್ರಕರಣದ ಬೀಗದ ಕೈಯಂತಿತ್ತು. "ಗಿರಣಿ ಸದ್ದಾ? ಅದು ರೂಢಿ ಆಗೈತ್ರಿ ಮೇಡಂ. ಅದರಿಂದ ನನಗೇನೂ ತೊಂದ್ರಿ ಇಲ್ಲ." ಪಕ್ಕದಲ್ಲಿ ಕುಳಿತಿದ್ದ ಅವರ ಹೆಂಡತಿ ಅದನ್ನು ಒಪ್ಪಲಿಲ್ಲ. "ಇವ್ರಿಗೆ ರೂಢಿ ಆಗೈತಿ, ನಮಗಲ್ಲ. ಟೀವಿ ಹಚ್ಚಿದ್ರ ಬೀದಿಗೆಲ್ಲ ಕೇಳ್ಬೇಕು. ಒಂದ್ ಮಾತ್ ಕೇಳಿದ್ರ ಸಿಡುಕ್ತಾರ." ಗಂಡ ಹೆಂಡತಿ ಇಬ್ಬರೂ ಹೇಳಿದ್ದು ನಿಜವೇ. ಸದ್ದು ಮನಸ್ಸಿಗೆ ರೂಢಿಯಾಗುತ್ತದೆ, ಆದರೆ ದೇಹಕ್ಕೆ ಆಗುವುದಿಲ್ಲ. ಆ ಅಂತರ ಎಷ್ಟು ದೊಡ್ಡದಿರಬಹುದು ಎಂಬುದನ್ನು ನಾನು ಇಷ್ಟು ಸ್ಪಷ್ಟವಾಗಿ ಕಂಡ ಪ್ರಕರಣಗಳು ಕಡಿಮೆ.

ಕಿವಿಯ ಪರೀಕ್ಷೆ

ಅಂದು ಅವರು ಗಿರಣಿ ನಿಲ್ಲಿಸಿ ನೇರವಾಗಿ ಬಂದಿದ್ದರು. ಅಂಗಿಯ ತೋಳಿನ ಮೇಲೆ ಇನ್ನೂ ಹಿಟ್ಟಿತ್ತು. ಆ ಸ್ಥಿತಿಯಲ್ಲಿ ಪರೀಕ್ಷೆ ಮಾಡುವುದರಲ್ಲಿ ಅರ್ಥವಿರಲಿಲ್ಲ. ಜೋರಾದ ಸದ್ದಿನಲ್ಲಿ ಇದ್ದು ಬಂದ ಕಿವಿಗೆ ಕೆಲವು ಗಂಟೆಗಳ ಕಾಲ ತಾತ್ಕಾಲಿಕ ಮಂದತೆ ಇರುವುದರಿಂದ, ನಿಜವಾದ ಶ್ರವಣಮಟ್ಟ ತಿಳಿಯಬೇಕಾದರೆ ಕನಿಷ್ಠ 14 ಗಂಟೆ ಸದ್ದಿನಿಂದ ದೂರವಿದ್ದು ಬರಬೇಕು. ಗಿರಣಿಗೆ ರಜೆಯಾದ ಮರುದಿನ ಬೆಳಿಗ್ಗೆ ಬರಲು ಹೇಳಿದೆ.

ಎರಡನೆಯ ಸಲ ಮಾಡಿದ ಪರೀಕ್ಷೆಯ ಗ್ರಾಫ್ ಸದ್ದಿನ ಹಾನಿಯ ಪಠ್ಯಪುಸ್ತಕದ ಚಿತ್ರದಂತೆಯೇ ಬಂತು. 250ರಿಂದ 1000 ಹರ್ಟ್ಸ್‌ವರೆಗಿನ (ಹರ್ಟ್ಸ್ ಎಂದರೆ ಸ್ವರದ ಎತ್ತರದ ಅಳತೆ) ಮಂದ್ರ ಸ್ವರಗಳು ಹೆಚ್ಚುಕಡಿಮೆ ಸರಿಯಾಗಿಯೇ ಕೇಳುತ್ತಿದ್ದವು. 2000 ದಾಟಿದ ಮೇಲೆ ಗೆರೆ ಕೆಳಗಿಳಿದು, 4000 ಹರ್ಟ್ಸ್‌ನಲ್ಲಿ ಎರಡೂ ಕಿವಿಗಳಲ್ಲಿ 60 ಡೆಸಿಬೆಲ್‌ವರೆಗೆ (ಅಂದರೆ ಸದ್ದು ಅಷ್ಟು ಜೋರಾದರೆ ಮಾತ್ರ ಕೇಳುವ ಮಟ್ಟಕ್ಕೆ) ಕುಸಿದು, 8000ದ ಹತ್ತಿರ ಮತ್ತೆ ಸ್ವಲ್ಪ ಮೇಲೆದ್ದಿತ್ತು. ವಯಸ್ಸಿನಿಂದ ಬರುವ ಕಿವುಡಿನಲ್ಲಿ ಸಾಮಾನ್ಯವಾಗಿ ಕೊನೆಯ ಆ ಏರಿಕೆ ಇರುವುದಿಲ್ಲ. ನಡುವೆ ಬಿದ್ದ ಈ ಗುಂಡಿಯೇ ಸದ್ದಿನ ಗುರುತು. ಒಳಗಿವಿಯ ಶಂಖದಂಥ ಭಾಗದಲ್ಲಿ ಸುಮಾರು 15,000 ರೋಮಕೋಶಗಳಿರುತ್ತವೆ. ಅವುಗಳಲ್ಲಿ 4000 ಹರ್ಟ್ಸ್‌ನ ಆಸುಪಾಸಿನ ಸ್ವರಗಳನ್ನು ಹಿಡಿಯುವ ಕೋಶಗಳಿಗೆ ಮೊದಲು ಪೆಟ್ಟು ಬೀಳುತ್ತದೆ. ಮನುಷ್ಯನಲ್ಲಿ ಸತ್ತ ರೋಮಕೋಶ ಮತ್ತೆ ಹುಟ್ಟುವುದಿಲ್ಲ.

ಈ ಬಗೆಯ ನಷ್ಟದಲ್ಲಿ ದನಿ ಕೇಳುತ್ತದೆ, ಮಾತು ತಿಳಿಯುವುದಿಲ್ಲ. ಸ್ವರಾಕ್ಷರಗಳು ಮಂದ್ರದಲ್ಲಿದ್ದು ಕಿವಿಗೆ ಬೀಳುತ್ತವೆ. ಸ, ಶ, ಚ, ತ ಮುಂತಾದ ವ್ಯಂಜನಗಳ ಸೂಕ್ಷ್ಮ ದನಿ ತಪ್ಪಿಹೋಗುತ್ತದೆ. ಇದಕ್ಕೆ ಅವರ ಹೆಂಡತಿ ಕೊಟ್ಟ ಉದಾಹರಣೆಗಿಂತ ಒಳ್ಳೆಯದನ್ನು ನಾನು ಕೇಳಿಲ್ಲ. ಗಿರಾಕಿಯೊಬ್ಬರು ಗೋಧಿಗೆ ಸ್ವಲ್ಪ ಕಡಲೆ ಬೆರೆಸಲು ಹೇಳಿ, ಇವರು ಸುರಿಯುತ್ತಿದ್ದಾಗ "ಸಾಕು, ಸಾಕು" ಎಂದರಂತೆ. ಇವರ ಕಿವಿಗೆ ಅದು "ಹಾಕು, ಹಾಕು" ಎಂದು ಕೇಳಿ ಪೂರ್ತಿ ಸುರಿದುಬಿಟ್ಟರು. ಅಂದು ಜಗಳವಾಯಿತು. ಅಂಥ ಜಗಳಗಳು ಮನೆಯಲ್ಲೂ ಆಗುತ್ತಿದ್ದವು. ತನ್ನನ್ನು ಯಾರೋ ಗೇಲಿ ಮಾಡುತ್ತಿದ್ದಾರೆ, ಬೇಕೆಂದೇ ಮೆಲ್ಲಗೆ ಮಾತಾಡುತ್ತಿದ್ದಾರೆ ಎಂಬ ಭಾವನೆ ಅವರಲ್ಲಿ ಬೇರೂರಿತ್ತು. ಸಿಡುಕನ್ನು ಸ್ವಭಾವವೆಂದು ತಿಳಿದಿದ್ದ ಮನೆಯವರಿಗೆ ಗ್ರಾಫ್ ತೋರಿಸಿ ಇದನ್ನು ವಿವರಿಸಿದಾಗ ಅವರ ಹೆಂಡತಿ ಬಹಳ ಹೊತ್ತು ಆ ಹಾಳೆಯನ್ನೇ ನೋಡುತ್ತಾ ಕುಳಿತರು.

ಸದಾ ಗುಂಯ್ ಎನ್ನುವ ಆ ಕಿವಿಮೊರೆತವೂ ಇದೇ ಹಾನಿಯ ಮತ್ತೊಂದು ಮುಖ. ಒಳಗಿವಿಯಿಂದ ಬರಬೇಕಾದ ಸಂಕೇತ ಕಡಿಮೆಯಾದಾಗ ಮಿದುಳು ಆ ಕೊರತೆಯನ್ನು ತುಂಬಲು ತನ್ನ ಕಡೆಯ ಗ್ರಹಣಶಕ್ತಿಯನ್ನು ಏರಿಸಿಕೊಳ್ಳುತ್ತದೆ, ಇಲ್ಲದ ಸದ್ದು ಕೇಳಿಸತೊಡಗುತ್ತದೆ ಎಂಬುದು ಇಂದು ಹೆಚ್ಚು ಒಪ್ಪಿತವಾಗಿರುವ ವಿವರಣೆ. ಗಿರಣಿ ಓಡುವಾಗ ಅವರಿಗೆ ಅದು ಗೊತ್ತಾಗುತ್ತಿರಲಿಲ್ಲ. ಕರೆಂಟ್ ಹೋಗಿ ಯಂತ್ರ ನಿಂತ ಕೂಡಲೇ ಮೊರೆತ ಎದ್ದುಬರುತ್ತಿತ್ತು. ಹೀಗಾಗಿ ಅವರಿಗೆ ಸದ್ದಿಗಿಂತ ನಿಶ್ಶಬ್ದವೇ ಹೆಚ್ಚು ಭಯ ಹುಟ್ಟಿಸುತ್ತಿತ್ತು.

ಗಿರಣಿಯಲ್ಲಿ ಕಂಡದ್ದು

ಇಂಥ ಪ್ರಕರಣವನ್ನು ಕ್ಲಿನಿಕ್‌ನಲ್ಲಿ ಕುಳಿತೇ ಮುಗಿಸಬಾರದು. ಒಂದು ಮಧ್ಯಾಹ್ನ ಸದ್ದಿನ ಮಾಪಕ ಹಿಡಿದು ಗಿರಣಿಗೆ ಹೋದೆ. ಗೋಧಿ ಬೀಸುವಾಗ ಕಲ್ಲಿನ ಗಿರಣಿಯ ಬಳಿ 94 ಡೆಸಿಬೆಲ್, ಮೆಣಸಿನಕಾಯಿ ಕುಟ್ಟುವ ಪಲ್ವರೈಸರ್ ಬಳಿ 100ರ ಹತ್ತಿರ ತೋರಿಸಿತು. ಮೂರು ಕಡೆ ಸಿಮೆಂಟ್ ಗೋಡೆ, ಮೇಲೆ ಕಾಂಕ್ರೀಟ್ ಚಾವಣಿ ಇದ್ದುದರಿಂದ ಸದ್ದು ಹೊರಗೆ ಹೋಗಲು ದಾರಿಯಿಲ್ಲದೆ ಒಳಗೇ ಬಡಿದಾಡುತ್ತಿತ್ತು.

ಡೆಸಿಬೆಲ್ ಲೆಕ್ಕ ಸಾಮಾನ್ಯ ಕೂಡುವ ಲೆಕ್ಕವಲ್ಲ. 3 ಡೆಸಿಬೆಲ್ ಏರಿದರೆ ಸದ್ದಿನ ಶಕ್ತಿ ಎರಡು ಪಟ್ಟು, 10 ಏರಿದರೆ ಹತ್ತು ಪಟ್ಟು. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಶಿಫಾರಸಿನಂತೆ 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು. ಅಲ್ಲಿಂದ ಪ್ರತಿ 3 ಡೆಸಿಬೆಲ್‌ಗೆ ಅವಧಿ ಅರ್ಧವಾಗುತ್ತದೆ. ಈ ಪ್ರಕಾರ 94ರಲ್ಲಿ ಒಂದು ಗಂಟೆ, 100ರಲ್ಲಿ ಕಾಲು ಗಂಟೆ. ಇವರು ದಿನವಿಡೀ ಅಲ್ಲೇ ನಿಲ್ಲುತ್ತಿದ್ದರು, ಬೇಸಿಗೆಯಲ್ಲಿ ಊರಿನ ಮನೆಮನೆಯವರು ವರ್ಷದ ಖಾರದ ಪುಡಿ ಮಾಡಿಸುವ ಹಂಗಾಮಿನಲ್ಲಿ ಪಲ್ವರೈಸರ್ ಸತತವಾಗಿ ಓಡುತ್ತಿತ್ತು. ನಮ್ಮ ದೇಶದ ಕಾರ್ಖಾನೆ ನಿಯಮಗಳು 8 ಗಂಟೆಗೆ 90 ಡೆಸಿಬೆಲ್ ಮಿತಿ ಇಟ್ಟಿವೆ. ಆದರೆ ಒಬ್ಬಿಬ್ಬರೇ ದುಡಿಯುವ ಗಿರಣಿಗಳು ಆ ಕಾಯ್ದೆಯ ತಪಾಸಣೆಯೊಳಗೆ ಬರುವುದೇ ಇಲ್ಲ. ಹತ್ತಿ ಗಿರಣಿಗಳಿಂದ ಹೆಸರು ಮಾಡಿದ ಈ ಊರಿನಲ್ಲಿ ಯಂತ್ರದ ಸದ್ದನ್ನು ದುಡಿಮೆಯ ಲಕ್ಷಣವೆಂದೇ ತಲೆಮಾರುಗಳಿಂದ ತಿಳಿದು ಬಂದಿದ್ದೇವೆ. ಅದರ ಬೆಲೆಯನ್ನು ಯಾರೂ ಬರೆದಿಟ್ಟುಕೊಂಡಿಲ್ಲ ಎಂಬುದು ನನ್ನನ್ನು ಆಗಾಗ ಕಾಡುತ್ತದೆ.

ಅವರು ಕಿವಿಗೆ ಹತ್ತಿ ತುರುಕಿಕೊಳ್ಳುತ್ತಿದ್ದರು. ಹತ್ತಿಯಿಂದ ಸಿಗುವ ರಕ್ಷಣೆ ಇಲ್ಲವೆನ್ನುವಷ್ಟು ಕಡಿಮೆ.

ಮಹಡಿಯ ಮೇಲೆ ಹೋದಾಗ ಮತ್ತೊಂದು ವಿಷಯ ತಿಳಿಯಿತು. ಅಡುಗೆಮನೆಯ ಸ್ಟ್ಯಾಂಡಿನಲ್ಲಿ ಬೋರಲು ಹಾಕಿದ್ದ ಸ್ಟೀಲ್ ಲೋಟಗಳು ಒಂದಕ್ಕೊಂದು ತಾಗಿ ಸಣ್ಣಗೆ ಗಲಗಲ ಎನ್ನುತ್ತಿದ್ದವು. ನೆಲಕ್ಕೆ ಅಂಗೈ ಇಟ್ಟರೆ ಅದುರು ತಿಳಿಯುತ್ತಿತ್ತು. ಎಸ್‌ಎಸ್‌ಎಲ್‌ಸಿ ಓದುತ್ತಿದ್ದ ಮೊಮ್ಮಗಳ ಮೇಜು ಸರಿಯಾಗಿ ಮೋಟರಿನ ಮೇಲ್ಭಾಗದಲ್ಲಿತ್ತು. ಓದಿದ್ದು ತಲೆಯಲ್ಲಿ ನಿಲ್ಲುವುದಿಲ್ಲ ಎಂದು ಆಕೆ ಹೇಳಿದಾಗ ನನಗೆ ನ್ಯೂಯಾರ್ಕಿನ ಶಾಲೆಯೊಂದರ ಅಧ್ಯಯನ ನೆನಪಾಯಿತು. ಆ ಶಾಲೆಯ ಒಂದು ಬದಿಗೆ ಎತ್ತರದ ರೈಲು ಹಳಿಯಿತ್ತು. ಆರ್ಲಿನ್ ಬ್ರಾನ್ಜಾಫ್ಟ್ ಎಂಬ ಮನಶ್ಶಾಸ್ತ್ರಜ್ಞೆ 1975ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹಳಿಯ ಬದಿಯ ತರಗತಿಗಳ ಮಕ್ಕಳು ಇನ್ನೊಂದು ಬದಿಯ ಮಕ್ಕಳಿಗಿಂತ ಓದುವ ಸಾಮರ್ಥ್ಯದಲ್ಲಿ ಹಿಂದಿದ್ದರು. ಹಳಿಗೆ ರಬ್ಬರ್ ಹಾಸು ಹಾಕಿ, ತರಗತಿಗಳಿಗೆ ಸದ್ದು ಹೀರುವ ಚಾವಣಿ ಕೂರಿಸಿದ ಮೇಲೆ 1981ರಲ್ಲಿ ನೋಡಿದಾಗ ಆ ಅಂತರ ಉಳಿದಿರಲಿಲ್ಲ. ಸದ್ದಿನ ಹಾನಿಯಲ್ಲಿ ಕಿವಿಯದು ಮರಳಿ ಬಾರದು, ಗಮನದ್ದು ಮತ್ತು ಓದಿನದ್ದು ಮರಳಿ ಬರಬಹುದು ಎಂಬುದಕ್ಕೆ ಇದು ಭರವಸೆಯ ಸಾಕ್ಷಿ. ಆ ಕುಟುಂಬಕ್ಕೆ ನಾನು ಒತ್ತಿ ಹೇಳಿದ್ದೂ ಇದನ್ನೇ.

ರಾತ್ರಿಯ ಪಾಲು

ಹಗಲಿನ ಸದ್ದು ಇಷ್ಟಾದರೆ, ರಾತ್ರಿಯದು ಬೇರೆ. ಮನೆಯ ಹಿಂಬದಿಗೆ ಒಂದು ಕಲ್ಯಾಣ ಮಂಟಪವಿದೆ. ಮದುವೆ ಹಂಗಾಮಿನಲ್ಲಿ ಆರತಕ್ಷತೆಯ ವಾದ್ಯಗೋಷ್ಠಿ, ಮೆರವಣಿಗೆಯ ಡಿಜೆ ಹನ್ನೊಂದು ದಾಟಿದರೂ ನಿಲ್ಲುತ್ತಿರಲಿಲ್ಲ. ಅದು ನಿಂತ ಮೇಲೆ ಲಾರಿಗಳ ಹಾರ್ನ್. ಇವರಿಗೆ ಅದೂ ರೂಢಿಯಾಗಿತ್ತು. ತಾವು ಎಚ್ಚರವಾಗುವುದು ಮೂತ್ರಕ್ಕೆಂದೇ ಅವರು ನಂಬಿದ್ದರು.

ಕಣ್ಣಿಗೆ ರೆಪ್ಪೆಯಿದೆ, ಕಿವಿಗಿಲ್ಲ. ನಿದ್ರೆಯಲ್ಲೂ ಕಿವಿ ಕೇಳುತ್ತಲೇ ಇರುತ್ತದೆ. ಹಠಾತ್ ಸದ್ದಿಗೆ ಮಿದುಳಿನ ಆಳದ ಭಾಗಗಳು ಅಪಾಯದ ಸೂಚನೆಯೆಂದೇ ಸ್ಪಂದಿಸಿ, ಅಡ್ರಿನಲಿನ್ ಮತ್ತು ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನುಗಳು ಸ್ರವಿಸಿ, ನಾಡಿ ಏರಿ, ರಕ್ತನಾಳಗಳು ಬಿಗಿಯಾಗುತ್ತವೆ. ಮಲಗಿದವರು ಏಳದೆ ಇರಬಹುದು, ಬೆಳಿಗ್ಗೆ ಏನೂ ನೆನಪಿಲ್ಲದೆ ಇರಬಹುದು. ರಸ್ತೆ ಬದಿಯಲ್ಲಿ ವರ್ಷಗಟ್ಟಲೆ ವಾಸಿಸಿ, ಸದ್ದು ತಮಗೆ ಗೊತ್ತೇ ಆಗುವುದಿಲ್ಲ ಎನ್ನುವವರಲ್ಲೂ ವಾಹನ ಹಾದಾಗಲೆಲ್ಲ ನಿದ್ರೆಯಲ್ಲಿ ಹೃದಯ ಬಡಿತ ಏರುವುದನ್ನು ಸಂಶೋಧಕರು ದಾಖಲಿಸಿದ್ದಾರೆ. ಆರೋಗ್ಯವಂತರಲ್ಲಿ ರಾತ್ರಿ ರಕ್ತದೊತ್ತಡ ಸಹಜವಾಗಿ ಇಳಿಯಬೇಕು. ಆ ಇಳಿಕೆಗೆ ಅಡ್ಡಿಯಾದರೆ ಹೃದಯಕ್ಕೆ ವಿಶ್ರಾಂತಿ ತಪ್ಪುತ್ತದೆ. ರಾತ್ರಿಯ ಹೊರಾಂಗಣ ಸದ್ದು 40 ಡೆಸಿಬೆಲ್ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ವಿಭಾಗ 2009ರಲ್ಲಿ ಸೂಚಿಸಿದ್ದು ಈ ಕಾರಣಕ್ಕೆ. ನಮ್ಮ 2000ದ ಶಬ್ದಮಾಲಿನ್ಯ ನಿಯಮಗಳಲ್ಲಿ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬೆಲ್ ಮಿತಿಯಿದೆ. ಇವರ ಮಲಗುವ ಕೋಣೆಯ ಕಿಟಕಿಯಲ್ಲಿ, ಮದುವೆಯಿದ್ದ ಒಂದು ರಾತ್ರಿ, ಮಗ ಮೊಬೈಲ್ ಆ್ಯಪ್‌ನಲ್ಲಿ ಅಳೆದಾಗ 70 ದಾಟಿತ್ತು. ಮೊಬೈಲ್ ಅಳತೆ ಅಂದಾಜು ಮಾತ್ರ, ಆದರೂ ಮಿತಿಯಿಂದ ಅದು ಎಷ್ಟು ದೂರವಿದೆ ಎಂಬುದಕ್ಕೆ ಆ ಅಂದಾಜೇ ಸಾಕು.

ಇಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಗಿರಣಿಯ ಸದ್ದು ಡಿಜೆಗಿಂತ ಎಷ್ಟೋ ಪಟ್ಟು ಹೆಚ್ಚು ಕಿವಿಗೆ ಬಿದ್ದರೂ, ಅವರು ಸಿಟ್ಟಿನಿಂದ ಮಾತಾಡುತ್ತಿದ್ದುದು ಮಂಟಪದ ಬಗ್ಗೆ. ಗಿರಣಿಯ ಸ್ವಿಚ್ ಅವರ ಕೈಯಲ್ಲಿದೆ, ಮಂಟಪದ್ದು ಇಲ್ಲ. ಮನಶ್ಶಾಸ್ತ್ರಜ್ಞರಾದ ಡೇವಿಡ್ ಗ್ಲಾಸ್ ಮತ್ತು ಜೆರೋಮ್ ಸಿಂಗರ್ 1970ರ ದಶಕದ ಆರಂಭದಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಸದ್ದು ನಿಲ್ಲಿಸುವ ಗುಂಡಿಯೊಂದು ತಮ್ಮ ಬಳಿಯಿದೆ ಎಂದು ತಿಳಿದವರು, ಅದನ್ನು ಒತ್ತದೇ ಇದ್ದರೂ, ಸದ್ದು ನಿಂತ ಮೇಲಿನ ಕೆಲಸಗಳಲ್ಲಿ ಹೆಚ್ಚು ಹೊತ್ತು ತಾಳ್ಮೆಯಿಂದ ತೊಡಗಿದರು, ತಪ್ಪುಗಳನ್ನೂ ಕಡಿಮೆ ಮಾಡಿದರು. ಮನಸ್ಸಿನ ಮೇಲಿನ ಪೆಟ್ಟಿಗೆ ಡೆಸಿಬೆಲ್ ಒಂದೇ ಅಳತೆಯಲ್ಲ. ಆದರೆ ಇದರ ಇನ್ನೊಂದು ಮಗ್ಗುಲು ಅಪಾಯಕಾರಿ: ತನ್ನದೇ ಸದ್ದು ಕಿರಿಕಿರಿ ಮಾಡುವುದಿಲ್ಲ, ಆದ್ದರಿಂದ ಅದು ಹಾನಿ ಮಾಡುವುದಿಲ್ಲ ಎಂಬ ಭ್ರಮೆ ಸುಲಭವಾಗಿ ಬರುತ್ತದೆ.

ಕೈಗೊಂಡ ಕ್ರಮಗಳು

ರಕ್ತದೊತ್ತಡದ ಚಿಕಿತ್ಸೆ ಅವರ ವೈದ್ಯರ ಕೈಯಲ್ಲೇ ಮುಂದುವರಿಯಿತು. ನಾವು ಸದ್ದಿನ ಮೂಲದಿಂದ ಶುರು ಮಾಡಿದೆವು. ಫಿಟ್ಟರ್ ಒಬ್ಬರು ಬಂದು ಮೋಟರ್ ಮತ್ತು ಗಿರಣಿಯ ಪಾದಗಳಿಗೆ ದಪ್ಪ ರಬ್ಬರ್ ಕೂರಿಸಿದರು, ಜೋಡಣೆ ಸವೆದು ಪಟಪಟ ಬಡಿಯುತ್ತಿದ್ದ ಬೆಲ್ಟ್ ಬದಲಿಸಿದರು, ಕಾಳು ಸುರಿಯುವ ತಗಡಿನ ಬಾಯಿಯ ಸಡಿಲ ಬೋಲ್ಟುಗಳನ್ನು ಬಿಗಿ ಮಾಡಿದರು. ಪಲ್ವರೈಸರ್ ಹಿಂದಿನ ಕೋಣೆಗೆ ಹೋಯಿತು, ಅದಕ್ಕೆ ಬಾಗಿಲು ಬಂತು. ಖಾರದ ಪುಡಿಗೆ ವಾರದಲ್ಲಿ ಗೊತ್ತಾದ ದಿನಗಳಷ್ಟೇ ಎಂದು ಬೋರ್ಡ್ ಬರೆಸಿದರು. ಗೋಡೆಗೆ ಗೋಣಿಚೀಲ ಹೊಡೆದರೆ ಸದ್ದು ಹೀರುತ್ತದೆ ಎಂದು ಅವರೇ ಸೂಚಿಸಿದರು. ಹಿಟ್ಟಿನ ಧೂಳು ಅದರಲ್ಲಿ ಕೂತು ಹುಳ ಬೀಳುತ್ತದೆ, ಮೇಲಾಗಿ ಹಿಟ್ಟಿನ ಧೂಳು ಬೆಂಕಿಗೆ ಬೇಗ ತಗಲುತ್ತದೆ ಎಂಬ ಕಾರಣಕ್ಕೆ ಬೇಡವೆಂದೆ. ಇಷ್ಟರಲ್ಲೇ ಕಲ್ಲಿನ ಗಿರಣಿಯ ಬಳಿ ಮಾಪಕ 88ಕ್ಕೆ ಇಳಿಯಿತು. 6 ಡೆಸಿಬೆಲ್ ಇಳಿದರೆ ಸದ್ದಿನ ಶಕ್ತಿ ಕಾಲು ಭಾಗಕ್ಕೆ ಬಂದಂತೆ. ಮೊಮ್ಮಗಳ ಮೇಜನ್ನು ಮುಂದಿನ ಕೋಣೆಗೆ ಸರಿಸಿದರು.

ಕಷ್ಟವಾದದ್ದು ಕಿವಿಯ ರಕ್ಷಣೆ. ಕಿವಿ ಮುಚ್ಚುವ ಇಯರ್‌ಮಫ್ ಕೊಟ್ಟಾಗ ಅವರು ಹಾಕಿಕೊಳ್ಳಲು ಒಪ್ಪಲಿಲ್ಲ, ಆ ನಿರಾಕರಣೆಯಲ್ಲಿ ಹಟಕ್ಕಿಂತ ಕಸುಬು ಹೆಚ್ಚಾಗಿತ್ತು. ಕಲ್ಲು ಸವೆದು ಮೊಂಡಾದದ್ದು, ಕಾಳಿನಲ್ಲಿ ಹರಳು ಬಂದದ್ದು, ಕಾಳು ಮುಗಿದು ಕಲ್ಲಿಗೆ ಕಲ್ಲು ತಾಗುತ್ತಿರುವುದು, ಇವೆಲ್ಲ ಅವರಿಗೆ ಕಿವಿಯಿಂದಲೇ ತಿಳಿಯುವುದು. ಹಿಟ್ಟಿನ ನುಣುಪನ್ನು ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಉಜ್ಜಿ ನೋಡುವಷ್ಟೇ ಸಹಜವಾಗಿ ಅವರು ಯಂತ್ರವನ್ನು ಆಲಿಸುತ್ತಿದ್ದರು. ಇಯರ್‌ಮಫ್ ಎತ್ತರದ ಸ್ವರಗಳನ್ನು ಹೆಚ್ಚು ತಡೆದು ಮಂದ್ರದ ಗುಡುಗನ್ನು ಕಡಿಮೆ ತಡೆಯುತ್ತದೆ ಎಂಬುದನ್ನು ತೋರಿಸಲು, ಅದನ್ನು ಹಾಕಿಸಿ ಗಿರಣಿಯ ಪಕ್ಕದಲ್ಲೇ ನಿಲ್ಲಿಸಿದೆವು. ಕಾಳು ಮುಗಿಯುತ್ತಾ ಬಂದಾಗ ಅವರೇ ಕೈಯೆತ್ತಿ ಸೂಚಿಸಿದರು. ಆಮೇಲೆ ವಾದವಿರಲಿಲ್ಲ.

ಇಂಪಾದ ಸದ್ದಿನ ಕಥೆ ನೇರವಾಗಿ ಸಾಗಲಿಲ್ಲ. ಮಗ ಮೊದಲೇ ಮೊಬೈಲಿಗೆ ಕೊಳಲು, ಮಳೆಯ ಸದ್ದು ತುಂಬಿಸಿ, ಇಯರ್‌ಫೋನ್ ಕೊಟ್ಟು ಮಲಗುವಾಗ ಕೇಳಲು ಹೇಳಿದ್ದ. ಮೊರೆತವನ್ನು ಮುಚ್ಚಲು ಅವರು ಅದನ್ನು ಜೋರು ಮಾಡುತ್ತಾ ಹೋದರು. ನಿದ್ರೆ ಇನ್ನೂ ಕೆಟ್ಟಿತು. ಕಿವಿಮೊರೆತಕ್ಕೆ ಸದ್ದಿನ ಆಸರೆ ಕೊಡುವಾಗ ಅದು ಮೊರೆತಕ್ಕಿಂತ ಒಂದು ಮಟ್ಟ ಕೆಳಗೇ ಇರಬೇಕು. ಎರಡೂ ಒಟ್ಟಿಗೆ ಕೇಳುತ್ತಿದ್ದರೆ ಮಾತ್ರ ಮಿದುಳು ಮೊರೆತವನ್ನು ಅಪಾಯವಲ್ಲವೆಂದು ಕ್ರಮೇಣ ಬದಿಗಿಡಲು ಕಲಿಯುತ್ತದೆ. ಯಾವ ಸದ್ದು ನಿಮಗೆ ಹಿತ ಎಂದು ಕೇಳಿದಾಗ ಅವರು ಸ್ವಲ್ಪ ಸಂಕೋಚದಿಂದ ಶ್ರುತಿಪೆಟ್ಟಿಗೆ ಎಂದರು. ಯೌವನದಿಂದಲೂ ಸೋಮವಾರದ ಭಜನೆಯಲ್ಲಿ ತತ್ವಪದ ಹಾಡುತ್ತಿದ್ದವರು, ಶ್ರುತಿ ಸಿಗುತ್ತಿಲ್ಲವೆಂದು ನಾಲ್ಕೈದು ವರ್ಷಗಳ ಹಿಂದೆ ಬಿಟ್ಟಿದ್ದರು. ಈ ವಿಷಯ ಅವರ ಹೆಂಡತಿಗೂ ಗೊತ್ತಿರಲಿಲ್ಲ; ಭಕ್ತಿ ಕಡಿಮೆಯಾಯಿತೆಂದು ಆಕೆ ತಿಳಿದಿದ್ದರು.

ನನಗೆ ಇದು ಆಶ್ಚರ್ಯವೆನಿಸಿತು, ಏಕೆಂದರೆ ಹಾಡುವ ಶ್ರುತಿಯ ಮೂಲಸ್ವರಗಳು 1000 ಹರ್ಟ್ಸ್‌ಗಿಂತ ಕೆಳಗಿವೆ, ಆ ಭಾಗದಲ್ಲಿ ಅವರ ಶ್ರವಣ ಚೆನ್ನಾಗಿಯೇ ಇತ್ತು. ವಿಚಾರಿಸಿದಾಗ ಕಾರಣ ಸಿಕ್ಕಿತು. ಗುಡಿಯ ಭಜನೆಗೆ ಮೈಕ್ ಬಂದಿತ್ತು, ಇವರು ಕೂರುತ್ತಿದ್ದುದು ಧ್ವನಿವರ್ಧಕದ ಪಕ್ಕದಲ್ಲೇ. ಕರ್ಕಶವಾಗಿ ಒಡೆದ ಆ ಸದ್ದಿನಲ್ಲಿ ಹಾರ್ಮೋನಿಯಂ ಯಾರಿಗೂ ಸರಿಯಾಗಿ ಕೇಳುವಂತಿರಲಿಲ್ಲ. ಭಕ್ತಿಯಿಂದ ಹಾಡಿದ ಪದವೂ ಬೀದಿಯ ಮನೆಗಳಿಗೆ ಗದ್ದಲವಾಗಿ ತಲುಪುತ್ತಿತ್ತು. ಮಂಡಳಿಯ ಹಿರಿಯರ ಬಳಿ ಇವರೇ ಹೋಗಿ ಮಾತಾಡಿದರು. ಒಬ್ಬಿಬ್ಬರು ಗೊಣಗಿದರೂ, ಸೋಮವಾರದ ಭಜನೆ ಮೈಕಿಲ್ಲದೆ ಗುಡಿಯೊಳಗೆ ನಡೆಯತೊಡಗಿತು. ಇವರು ಮತ್ತೆ ಹೋಗಿ ಹಾರ್ಮೋನಿಯಂ ಹತ್ತಿರ ಕುಳಿತರು.

ನಿಧಾನ ಲಯದ ಹಾಡು, ಜಪ ದೇಹಕ್ಕೆ ಏನು ಮಾಡುತ್ತವೆ ಎಂಬುದನ್ನು ಇಟಲಿಯ ಲುಚಾನೋ ಬರ್ನಾರ್ಡಿ ಮತ್ತು ಸಂಗಡಿಗರು ಅಳೆದು ನೋಡಿದ್ದಾರೆ. 2001ರ ಅವರ ಅಧ್ಯಯನದಲ್ಲಿ ಲ್ಯಾಟಿನ್ ಪ್ರಾರ್ಥನೆ ಮತ್ತು ಬೌದ್ಧ ಮಂತ್ರ ಎರಡೂ ಉಸಿರನ್ನು ನಿಮಿಷಕ್ಕೆ ಸುಮಾರು 6ಕ್ಕೆ ಇಳಿಸಿದವು, ಆ ಗತಿಯಲ್ಲಿ ಹೃದಯದ ಲಯ ಮತ್ತು ರಕ್ತದೊತ್ತಡದ ಏರಿಳಿತಗಳು ಒಂದಕ್ಕೊಂದು ಹೊಂದಿಕೊಂಡವು. 2006ರ ಇನ್ನೊಂದು ಅಧ್ಯಯನದಲ್ಲಿ, ವೇಗದ ಸಂಗೀತ ನಾಡಿ ಮತ್ತು ರಕ್ತದೊತ್ತಡವನ್ನು ಏರಿಸಿತು. ಅತಿ ಹೆಚ್ಚು ವಿಶ್ರಾಂತಿ ಕಂಡದ್ದು ಯಾವ ಸಂಗೀತದಲ್ಲೂ ಅಲ್ಲ, ನಡುವೆ ಬಿಟ್ಟ ಎರಡು ನಿಮಿಷದ ಮೌನದಲ್ಲಿ. ಮೌನಕ್ಕೆ ಅಂಜುತ್ತಿದ್ದ ಈ ವ್ಯಕ್ತಿಯ ವಿಷಯದಲ್ಲಿ ನನಗೆ ಇದು ಮುಖ್ಯವೆನಿಸಿತು. ರಾತ್ರಿ ಶ್ರುತಿಪೆಟ್ಟಿಗೆಯ ದನಿಯನ್ನು ಸಣ್ಣಗೆ, ಇಯರ್‌ಫೋನ್ ಇಲ್ಲದೆ, ಕೋಣೆಯ ಮೂಲೆಯಿಂದ ಕೇಳುವಂತೆ ಇಟ್ಟು, ಅರ್ಧ ಗಂಟೆಯ ನಂತರ ತಾನೇ ನಿಲ್ಲುವಂತೆ ಮಾಡಿದೆವು.

ಫಲಿತಾಂಶ

ಶ್ರವಣ ಮರಳಲಿಲ್ಲ, ಮರಳುವುದೂ ಇಲ್ಲ. ಎರಡೂ ಕಿವಿಗೆ ಶ್ರವಣಯಂತ್ರ ಹಾಕಿದ್ದೇವೆ. ಗಿರಣಿಯಲ್ಲಿ ಅದನ್ನು ತೆಗೆದಿಟ್ಟು ಇಯರ್‌ಮಫ್ ಹಾಕುತ್ತಾರೆ. ಮೊರೆತ ಇನ್ನೂ ಇದೆ, ಆದರೆ ಕೇಳಿದಾಗ ಮಾತ್ರ ನೆನಪಾಗುತ್ತದೆ ಎನ್ನುತ್ತಾರೆ. ಮದುವೆಗಳಿಲ್ಲದ ತಿಂಗಳಲ್ಲಿ ರಾತ್ರಿ ಒಮ್ಮೆಯಷ್ಟೇ ಎಚ್ಚರವಾಗುತ್ತಿತ್ತು. ರಕ್ತದೊತ್ತಡ 136/86ಕ್ಕೆ ಬಂದಿದೆ. ಈ ಇಳಿಕೆಯನ್ನು ಪೂರ್ತಿಯಾಗಿ ಸದ್ದಿನ ಲೆಕ್ಕಕ್ಕೆ ಹಾಕುವುದು ಸರಿಯಲ್ಲ. ಅದೇ ಅವಧಿಯಲ್ಲಿ ಅವರು ಮಾತ್ರೆಯನ್ನು ತಪ್ಪದೆ ತೆಗೆದುಕೊಳ್ಳತೊಡಗಿದರು, ಉಪ್ಪಿನಕಾಯಿ ಕಡಿಮೆ ಮಾಡಿದರು. ಆದರೂ ಮಾತ್ರೆಯ ಶಿಸ್ತು ಬಂದದ್ದೇ ನಿದ್ರೆ ಸರಿಹೋದ ಮೇಲೆ ಎಂಬುದನ್ನು ಅವರ ಹೆಂಡತಿ ಗುರುತಿಸಿದರು, ನಾನೂ ಅದನ್ನು ಒಪ್ಪುತ್ತೇನೆ.

ಕಲ್ಯಾಣ ಮಂಟಪದ ವಿಷಯ ಅರ್ಧದಲ್ಲಿದೆ. ರಾತ್ರಿ 10ರ ನಂತರ ಮುಚ್ಚಿದ ಸಭಾಂಗಣದ ಹೊರಗೆ ಧ್ವನಿವರ್ಧಕ ಬಳಸುವಂತಿಲ್ಲ. ಒಳಗೆ ಬಳಸಿದರೂ ಆವರಣದ ಗಡಿಯಲ್ಲಿ ಆ ಪ್ರದೇಶದ ಮಿತಿಗಿಂತ 5 ಡೆಸಿಬೆಲ್‌ಗಿಂತ ಹೆಚ್ಚಾಗುವಂತಿಲ್ಲ ಎಂದು ನಿಯಮ ಹೇಳುತ್ತದೆ. ಬೀದಿಯವರೆಲ್ಲ ಸಹಿ ಹಾಕಿದ ಮನವಿಯನ್ನು ಪೊಲೀಸರಿಗೆ ಕೊಟ್ಟ ಮೇಲೆ ಹಿಂಬದಿಯ ಕಿಟಕಿಗಳನ್ನು ಮುಚ್ಚಲಾಗುತ್ತಿದೆ, ಬೀದಿಯ ಮೆರವಣಿಗೆ ಮಾತ್ರ ಹಾಗೆಯೇ ಇದೆ. ಮುಂದಿನ ಶ್ರವಣ ಪರೀಕ್ಷೆಯನ್ನು ಖಾರದ ಪುಡಿಯ ಹಂಗಾಮು ಮುಗಿದ ಮೇಲೆ, ಗಿರಣಿಯ ರಜೆಯ ಮರುದಿನ ಬೆಳಿಗ್ಗೆ ಇಟ್ಟುಕೊಂಡಿದ್ದೇವೆ. 3000 ಮತ್ತು 6000 ಹರ್ಟ್ಸ್‌ನಲ್ಲಿ ಗೆರೆ ಮತ್ತೆ ಇಳಿದಿದ್ದರೆ ಇಯರ್‌ಮಫ್ ಒಂದೇ ಸಾಲದು, ಪಲ್ವರೈಸರ್ ಮುಂದೆ ಅವರು ನಿಲ್ಲುವ ಅವಧಿಯನ್ನೇ ಕಡಿತ ಮಾಡಬೇಕಾಗುತ್ತದೆ. ಆ ಕೆಲಸಕ್ಕೆ ಕೂರಲು ಸಿದ್ಧನಾಗಿರುವ ಮಗನ ಕಿವಿಯನ್ನೂ ಅದೇ ದಿನ ಪರೀಕ್ಷಿಸಲಿದ್ದೇನೆ.